ಚೀಲ ಗಿರಾಕಿಯದು, ಬೆಲೆ ನಿಮ್ಮದು

ಅಕ್ಕಾವ್ರೇ, ನಾ ಔರಾದ್ ತಾಲ್ಲೂಕಿನ ಸಂತಪುರದಾಕಿ. ಮನ್ಯಾಗೇ ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಾರೆಳ್ಳ ಹಿಂಡಿ, ಖಡಕ್ ರೊಟ್ಟಿ ಮಾಡಿ ಮೂರು ವರ್ಷದಿಂದ ಮಾರ್ಲಿಕತ್ತೀನಿ. ಮಾಡೂ ಪದ್ಧತಿ ಬರ್ದು ಫೋಟೊ ಸಂಗಟ ಫೋನಿನ್ಯಾಗ ಹಾಕ್ತೀನಿ. ಅದ್ನ ನೋಡಿ ಬೀದರ್, ಭಾಲ್ಕಿ, ಹೈದರಾಬಾದ್, ಬೆಂಗಳೂರಿಂದ ವಾರಕ್ಕ ಇಪ್ಪತ್ತು-ಮೂವತ್ತು ಮಂದಿ ಕೇಳ್ತಾರ. ರಾತ್ರಿ ಹತ್ತಕ್ಕೂ ಫೋನ್ ಬರ್ತಾವ. ಯಾರು ಎಷ್ಟು ಹೇಳಿದ್ರು, ಯಾರು ರೊಕ್ಕ ಹಾಕಿದ್ರು ಒಂದೂ ನೆಪ್ಪ ಉಳಿಯಂಗಿಲ್ಲ. ಹೋದ ತಿಂಗಳ ಒಬ್ಬರಿಗೆ ಎರಡು ಸಲ ಕಳ್ಸೀನಿ, ಇನ್ನೊಬ್ಬರಿಗೆ ಕಳ್ಸೇ ಇಲ್ಲ. ಪರಿಚಯದವ್ರಿಗೆ ರೇಟ್ ಹೇಳ್ಲಿಕ್ಕೇ ಬಾಯಿ ಬರಂಗಿಲ್ಲ. ಪಾರ್ಸೆಲ್ ಖರ್ಚು ನಂದೇ ಹೋಗ್ತದ. ನಮ್ಮ ಮೈದುನನ ಗೆಳ್ಯಾ ಒಬ್ಬಾವ ‘ಶಾಪಿಂಗ್ ಕಾರ್ಟ್ ಹಾಕಿ ಕೊಡ್ತೀನಿ, 40 ಸಾವಿರ ಆಗ್ತದ’ ಅಂತಾನ. ಬಂಗಾರ ಇಡಬೇಕಾಗ್ತದ. ಅತ್ತಿಯವ್ರು, ‘ರೊಟ್ಟಿ ಮಾರೂದೇ ಒಂದು ನಾಚಿಗಿ, ಅದ್ರಾಗ ಊರ ತುಂಬಾ ಬೋರ್ಡ್ ಹಾಕ್ತಿ ಏನು?’ ಅಂತಾರ. ನಾ ಏನ್ ಮಾಡ್ಲಿ?

— ಓದುಗರೊಬ್ಬರು, ಸಂತಪುರ

ಅಕ್ಕಾ ಎಂದು ಕರೆದಿದ್ದೀರಿ. ಅಕ್ಕನ ಹಾಗೆಯೇ ಮೊದಲ ಮಾತು ಹೇಳಿಬಿಡುತ್ತೇನೆ: ಬಂಗಾರ ಇಡಬೇಡಿ. ಆ ಹುಡುಗ ಮೋಸಗಾರ ಅಂತಲ್ಲ, ಕೆಲಸ ಬಲ್ಲವನೇ ಇರಬಹುದು. ಆದರೆ ನಾಲ್ಕೇ ಪದಾರ್ಥ ಮಾಡುವ ಮನೆಗೆ ಇವತ್ತೇ 40 ಸಾವಿರದ ಅಂಗಡಿ ಬೇಕಿಲ್ಲ. ನಿಮಗೆ ಬೇಕಾದಷ್ಟು ಕಾರ್ಟ್ ನಿಮ್ಮ ಕೈಲಿರುವ ಫೋನಿನಲ್ಲೇ ಪುಕ್ಕಟೆ ಸಿಗುತ್ತದೆ.

ಕಾರ್ಟ್ ಎಂಬ ಹೆಸರು ಕೇಳಿ ಅಂಜಬೇಡಿ. ಸಂತೆಗೆ ಬರುವ ಗಿರಾಕಿ ಕೈಯಲ್ಲಿ ಚೀಲ ಹಿಡಿದಿರುತ್ತಾಳಲ್ಲ, ಅದೇ ಅದು. ಒಂದು ಕಿಲೊ ಉಳ್ಳಾಗಡ್ಡಿ ಹಾಕುತ್ತಾಳೆ, ಬದನೆಕಾಯಿ ಹಾಕಿ ಮತ್ತೆ ತೆಗೆಯುತ್ತಾಳೆ, ಕೊನೆಗೆ ಒಟ್ಟು ಎಷ್ಟಾಯ್ತು ಎಂದು ಕೇಳಿ ರೊಕ್ಕ ಕೊಡುತ್ತಾಳೆ. ಅಲ್ಲಿಯವರೆಗೆ ಮಾರುವವರು ಬಾಯಿ ಹಾಕುವುದಿಲ್ಲ. ಈಗ ನಿಮ್ಮಲ್ಲಿ ಏನಾಗುತ್ತಿದೆ? ಗಿರಾಕಿ ಬರಿಗೈಲಿ ಬರುತ್ತಾಳೆ, ಅವಳ ಚೀಲವನ್ನೂ ನೀವೇ ಹೊತ್ತಿದ್ದೀರಿ. ಅದೂ ತಲೆಯೊಳಗೆ, ರಾತ್ರಿ ಹತ್ತಕ್ಕೆ, ಒಲೆಯ ಮುಂದೆ ಕೂತು. ಎರಡು ಸಲ ಕಳಿಸಿದ್ದು, ಕಳಿಸದೇ ಉಳಿದದ್ದು ನಿಮ್ಮ ಮರೆವಿನಿಂದ ಅಲ್ಲ. ಯಾರಿಗಾದರೂ ಹಾಗೇ ಆಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಇನ್ನೊಂದು ಸಾಲು: ರೇಟ್ ಹೇಳಲಿಕ್ಕೆ ಬಾಯಿ ಬರುವುದಿಲ್ಲ ಎಂದದ್ದು. ಯಂತ್ರದ ತೊಡಕಿಗಿಂತ ಇದು ದೊಡ್ಡದು. ನಮ್ಮ ಕಡೆ ಮನೆಗೆ ಬಂದವರಿಗೆ ರೊಟ್ಟಿ ಕಟ್ಟಿ ಕೊಡುವುದು ರೂಢಿ, ಅದಕ್ಕೆ ಬೆಲೆ ಕಟ್ಟುವುದು ರೂಢಿಯಲ್ಲ. ಕಾರ್ಟ್‌ನಿಂದ ಆಗುವ ನಿಜವಾದ ಉಪಕಾರ ಇಲ್ಲಿದೆ. ಪಾವ್ ಕಿಲೊಗೆ ಇಷ್ಟು, ಪಾರ್ಸೆಲ್‌ಗೆ ಇಷ್ಟು ಎಂದು ಒಮ್ಮೆ ಬರೆದಿಟ್ಟರೆ ಆಯಿತು, ಆಮೇಲೆ ಅದೇ ಹೇಳುತ್ತದೆ. ನಿಮ್ಮ ದೊಡ್ಡಮ್ಮನ ಮಗಳಿಗೂ ಹೇಳುತ್ತದೆ, ಬೆಂಗಳೂರಿನ ಅಪರಿಚಿತರಿಗೂ ಹೇಳುತ್ತದೆ. ನೀವು ಸಂಕೋಚಪಡುವ ಸಂದರ್ಭವೇ ಬರುವುದಿಲ್ಲ. ಆದರೆ ಆ ಅಂಕಿಯನ್ನು ನೀವೇ ಗಟ್ಟಿ ಮನಸ್ಸಿನಿಂದ ಗೊತ್ತು ಮಾಡಬೇಕು. ಶೇಂಗಾ, ಬಳ್ಳೊಳ್ಳಿ, ಖಾರದ ಪುಡಿ, ಗ್ಯಾಸ್, ಡಬ್ಬಿ ಎಲ್ಲ ಸೇರಿಸುತ್ತೀರಿ, ಬಲ್ಲೆ. ನಿಮ್ಮ ಕೂಲಿ ಸೇರಿಸಿದ್ದೀರಾ? ಹೊಲಕ್ಕೆ ಹೋದ ಹೆಣ್ಣಾಳಿಗೆ ದಿನಕ್ಕೆ ಎಷ್ಟು ಕೊಡುತ್ತೀರೋ ಕನಿಷ್ಠ ಅಷ್ಟನ್ನಾದರೂ ನಿಮಗೆ ನೀವೇ ಬರೆದುಕೊಳ್ಳಿ.

ಅತ್ತೆಯವರ ಮಾತಿಗೆ ಜಗಳ ತೆಗೆಯಬೇಡಿ. ಪಕ್ಕದ ಜಿಲ್ಲೆಯ ಸುದ್ದಿ ಹೇಳಿ ಸಾಕು. ಕಲಬುರಗಿಯ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಇದೇ ಜೋಳದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುತ್ತಿದ್ದಾರೆ, ಆನ್‌ಲೈನ್‌ನಲ್ಲೂ ಮಾರುತ್ತಾರೆ. 2025ರ ಜೂನ್ 29ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೇ ಅವರ ಮಾತು ತೆಗೆದರು, ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಆಗುತ್ತವೆ ಎಂದರು. ನಾಚಿಕೆಯ ಪ್ರಶ್ನೆ ಅಲ್ಲಿಗೆ ಮುಗಿಯಬೇಕು. ಮುಗಿಯದಿದ್ದರೆ ಡಬ್ಬಿಯ ಮೇಲೆ ಅತ್ತೆಯವರ ಹೆಸರನ್ನೇ ಹಾಕಿ ನೋಡಿ. ಇದು ತಮಾಷೆಗೆ ಹೇಳಿದ್ದಲ್ಲ. ಹಿಂಡಿಯ ಹದ ಅವರಿಂದಲೇ ಕಲಿತದ್ದಲ್ಲವೇ?

ಈಗ ಕೆಲಸಕ್ಕೆ ಬರೋಣ. ವಾಟ್ಸ್ಆ್ಯಪ್ ಬಿಸಿನೆಸ್ ಎಂಬ ಬೇರೆ ಆ್ಯಪ್ ಇದೆ, 2018ರಲ್ಲಿ ಬಂದದ್ದು. ಅದರಲ್ಲಿ ಕ್ಯಾಟಲಾಗ್ ಎಂಬ ಜಾಗವಿದೆ. ಅಲ್ಲಿ ಪದಾರ್ಥದ ಫೋಟೊ, ತೂಕ, ಬೆಲೆ ಹಾಕಿಡಬಹುದು. 2020ರ ಡಿಸೆಂಬರ್‌ನಿಂದ ಅದಕ್ಕೆ ಕಾರ್ಟ್ ಕೂಡ ಸೇರಿದೆ. ಗಿರಾಕಿ ತಾನೇ ಎರಡು ಶೇಂಗಾ ಹಿಂಡಿ, ಒಂದು ಅಗಸಿ ಹಿಂಡಿ ಒತ್ತಿ ಕಳಿಸಿದರೆ ನಿಮಗೆ ಮೊತ್ತದ ಸಮೇತ ಒಂದೇ ಸಂದೇಶವಾಗಿ ಬರುತ್ತದೆ. ನೀವು ಪಾರ್ಸೆಲ್ ಖರ್ಚು ಸೇರಿಸಿ ಯುಪಿಐ ಕ್ಯೂಆರ್ ಕಳಿಸುತ್ತೀರಿ. ಯುಪಿಐಗೆ ವ್ಯಾಪಾರಿಯಿಂದ ಕಮಿಷನ್ ತೆಗೆಯುವಂತಿಲ್ಲ ಎಂಬ ನಿಯಮ 2020ರ ಜನವರಿಯಿಂದಲೇ ಇದೆ. ಒಂದು ಸೀಸನ್ ಇಷ್ಟರಲ್ಲೇ ನಡೆಸಿ. ರಾತ್ರಿ ಎಂಟರ ಮೇಲೆ ‘ನಾಳೆ ಉತ್ತರ ಕೊಡುತ್ತೇನ್ರೀ’ ಎಂಬ ಸಂದೇಶ ತಾನಾಗಿಯೇ ಹೋಗುವ ವ್ಯವಸ್ಥೆಯೂ ಈ ಆ್ಯಪ್‌ನಲ್ಲಿದೆ. ಮೊದಲು ಅದನ್ನು ಹಾಕಿಬಿಡಿ.

ಆರ್ಡರ್ ಹೆಚ್ಚಾಗಿ, ಹಣ ಬಂತೋ ಇಲ್ಲವೋ ಎಂದು ಒಂದೊಂದಾಗಿ ನೋಡುವುದೇ ಭಾರವಾದಾಗ ಎರಡನೆಯ ಮೆಟ್ಟಿಲು ಹತ್ತಿ. ಇನ್‌ಸ್ಟಾಮೊಜೊ, ರೇಜರ್‌ಪೇ, ಇವೆರಡೂ ಬೆಂಗಳೂರಿನಲ್ಲಿ ಬೆಳೆದ ಕಂಪನಿಗಳೇ. ಇಂಥವರಲ್ಲಿ ಹಣ ಕಟ್ಟುವ ಲಿಂಕ್ ಮಾಡಿಕೊಳ್ಳಬಹುದು. ಪ್ಯಾನ್, ಬ್ಯಾಂಕ್ ಖಾತೆ ಕೇಳುತ್ತಾರೆ. ಸರಕು ಕೆಟ್ಟು ಬಂದರೆ ಹಣ ವಾಪಸ್ ಹೇಗೆ ಎಂಬುದನ್ನೂ ಬರೆದು ಕೊಡಬೇಕು. ಕಾರ್ಡಿನಿಂದ ಕಟ್ಟಿದರೆ ಸಾಮಾನ್ಯವಾಗಿ ನೂರಕ್ಕೆ ಎರಡು ರೂಪಾಯಿಯ ಆಸುಪಾಸು ಅವರದು, ಅದರ ಮೇಲೆ ಜಿಎಸ್‌ಟಿ ಬೇರೆ. 400 ರೂಪಾಯಿಯ ಆರ್ಡರ್‌ನಲ್ಲಿ ಒಂಬತ್ತೂವರೆ ಹೋದ ಹಾಗೆ. ಗಿರಾಕಿಯ ಕಾರ್ಡ್ ನಂಬರು ನಿಮ್ಮ ಕೈಗೆ ಬರುವುದೇ ಇಲ್ಲ, ಬರಲೂ ಬಾರದು. ಮೈದುನನ ಗೆಳೆಯ ಹೇಳುವ ಸ್ವಂತದ ಅಂಗಡಿ ಮೂರನೆಯ ಮೆಟ್ಟಿಲು. ಅದಕ್ಕೂ ವೂಕಾಮರ್ಸ್‌ನಂಥ ಪುಕ್ಕಟೆ ತಂತ್ರಾಂಶ 2011ರಿಂದ ಇದೆ. ಖರ್ಚು ಬರುವುದು ಇಂಟರ್ನೆಟ್‌ನಲ್ಲಿನ ಜಾಗದ ಬಾಡಿಗೆಗೆ ಮತ್ತು ಕೂಡಿಸುವವನ ಕೂಲಿಗೆ. ಅವನು ಪೇಪಾಲ್ ಬಟನ್ ಹಾಕೋಣ ಎಂದರೆ ಹಳೇ ಪಾಠ ಓದಿದ್ದಾನೆ ಎಂದು ತಿಳಿಯಿರಿ. ಪೇಪಾಲ್ ದೇಶದೊಳಗಿನ ಪಾವತಿಯನ್ನು 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ.

ಕಾರ್ಟ್‌ಗೆ ನಾಲ್ಕನ್ನೂ ಹಾಕಬೇಡಿ. ಹಿಂಡಿ ಹಾಕಿ, ರೊಟ್ಟಿ ಬೇಡ. ಒಮ್ಮೆ ನಾನೂ ದೂರದಿಂದ ಖಡಕ್ ರೊಟ್ಟಿ ತರಿಸಿದ್ದೆ. ಡಬ್ಬಿ ತೆರೆದರೆ ರವೆ! ಮೊಸರಲ್ಲಿ ನೆನೆಸಿ ತಿಂದೆವು, ರುಚಿಗೇನೂ ಕೊರತೆ ಇರಲಿಲ್ಲ. ಮತ್ತೆ ತರಿಸಲಿಲ್ಲ ಅಷ್ಟೆ. ಮುರಿಯುವುದೊಂದೇ ಅಲ್ಲ, ರೊಟ್ಟಿ ಹಗುರ, ಡಬ್ಬಿ ದೊಡ್ಡದು. ಖಾಸಗಿ ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಆ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ಹಣ. 30, 30, 20ರ ಡಬ್ಬಿಯೊಳಗೆ ಒಂದು ಕಿಲೊ ರೊಟ್ಟಿ ಇಟ್ಟರೂ 3.6 ಕಿಲೊಗೆ ಕಟ್ಟುತ್ತೀರಿ. ಪಾವ್ ಕಿಲೊ ಹಿಂಡಿ ಅಂಗೈಯಗಲದ ಪೊಟ್ಟಣ. ಸಂತಪುರದ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್‌ನಲ್ಲಿ ಹೋಗುತ್ತದೆ. ರೊಟ್ಟಿಯನ್ನು ಬೀದರ್, ಭಾಲ್ಕಿಯವರಿಗೆ ಬಸ್ಸಿನಲ್ಲಿ ಬರುವವರ ಕೈಲಿ ಕೊಡಿ, ಇಲ್ಲವೇ ಸಾರಿಗೆ ನಿಗಮದವರ ‘ನಮ್ಮ ಕಾರ್ಗೊ’ ವಿಚಾರಿಸಿ. ಅದು 2021ರಿಂದ ನಮ್ಮ ಭಾಗದ ಬಸ್ಸುಗಳಲ್ಲೂ ಇದೆ.

ಹಿಂಡಿಯಲ್ಲೂ ಮೂರೂ ಒಂದೇ ಅಲ್ಲ. ಅಗಸಿಯ ಎಣ್ಣೆ ಗಾಳಿಗೆ ಬಲು ಬೇಗ ಕೆಡುತ್ತದೆ, ಕಮಟು ಬರುತ್ತದೆ. ಪ್ರತಿ ಸಲ ಕುಟ್ಟಿದಾಗ ಒಂದೊಂದು ಪೊಟ್ಟಣ ನಿಮ್ಮ ಕಪಾಟಿನಲ್ಲೇ ತಾರೀಖು ಬರೆದು ಇಡಿ, ವಾರಕ್ಕೊಮ್ಮೆ ಮೂಸಿ ನೋಡಿ. ಎಷ್ಟು ದಿನಕ್ಕೆ ವಾಸನೆ ತಿರುಗಿತೋ ಅದರ ಅರ್ಧದಷ್ಟನ್ನೇ ಚೀಟಿಯ ಮೇಲೆ ಬರೆಯಿರಿ. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಆಗ ಇನ್ನೂ ಕಡಿಮೆ.

ಚೀಟಿ ಎಂದೆನಲ್ಲ, ಅದನ್ನು ಹಗುರಾಗಿ ತಗೋಬೇಡಿ. ತಿನ್ನುವ ಪದಾರ್ಥ ಮಾರುವವರು ಮನೆಯಲ್ಲೇ ಮಾಡಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ನೋಂದಣಿ ಮಾಡಿಸಬೇಕು. ಸಣ್ಣವರಿಗೆ ಸರಳ ನೋಂದಣಿ ಇದೆ, ಆನ್‌ಲೈನ್‌ನಲ್ಲೇ ಆಗುತ್ತದೆ, 14 ಅಂಕಿಯ ನಂಬರು ಸಿಗುತ್ತದೆ. ಅದನ್ನೂ, ನಿಮ್ಮ ಹೆಸರು ವಿಳಾಸ, ಏನೇನು ಹಾಕಿದ್ದೀರಿ, ನಿವ್ವಳ ತೂಕ, ಎಂಆರ್‌ಪಿ, ಮಾಡಿದ ದಿನ, ದೂರು ಹೇಳಲು ಫೋನ್ ನಂಬರನ್ನೂ ಪೊಟ್ಟಣದ ಮೇಲೆ ಹಾಕಿ. ಶೇಂಗಾ ಇದೆ ಎಂದು ಎದ್ದು ಕಾಣುವಂತೆ ಬರೆಯಿರಿ. ಅದು ಒಗ್ಗದವರು ಇರುತ್ತಾರೆ.

ಇನ್ನು ನಿಮ್ಮ ಊರಿಗೇ ಇರುವ ಒಂದು ವಿಚಿತ್ರ ತೊಡಕು. ಔರಾದ್ ತಾಲ್ಲೂಕಿಗೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಉದಗೀರ್, ದೇಗಲೂರು ನಿಮಗೆ ನೆಂಟರ ಊರು. ಬೆಂಗಳೂರು ಸುಮಾರು 700 ಕಿ.ಮೀ. ಆದರೆ ಜಿಎಸ್‌ಟಿಯ ಕಣ್ಣಿಗೆ ಬೆಂಗಳೂರೇ ಮನೆ, ಉದಗೀರ್ ಪರರಾಜ್ಯ. ಕರ್ನಾಟಕದ ಒಳಗೆ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಕಳಿಸಿದರೆ ಮಾತ್ರ ಆ ರಿಯಾಯಿತಿ ಇಲ್ಲ. ರೊಟ್ಟಿ, ಚಪಾತಿಯ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಸೊನ್ನೆಯಾಗಿದೆ, ಹಿಂಡಿಗೆ ಹಾಗಿಲ್ಲ. ಆದ್ದರಿಂದ ಹೈದರಾಬಾದಿನ ಗಿರಾಕಿಗಳನ್ನು ಬಿಡಲಾರೆ ಎಂದರೆ ಬೀದರ್‌ನ ತೆರಿಗೆ ಸಲಹೆಗಾರರ ಹತ್ತಿರ ಒಮ್ಮೆ ಕೂತು ನೋಂದಣಿ ಮಾಡಿಸಿ. ಅಲ್ಲಿಯವರೆಗೆ ಪಿನ್‌ಕೋಡ್ ನೋಡಿ ಆರ್ಡರ್ ಹಿಡಿಯಿರಿ: ಮೊದಲೆರಡು ಅಂಕಿ 56ರಿಂದ 59ರೊಳಗಿದ್ದರೆ ಕರ್ನಾಟಕ. ಹೈದರಾಬಾದ್ 50, ಉದಗೀರ್ 41, ದೇಗಲೂರು 43.

ಲೆಕ್ಕದ ಮಾತಿಗೇ ಇನ್ನೊಂದು. 2025ರ ಜುಲೈನಲ್ಲಿ ಯುಪಿಐ ಜಮೆಗಳನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿ ರಾಜ್ಯದಲ್ಲೆಲ್ಲ ಗದ್ದಲವಾಗಿತ್ತು, ನೆನಪಿರಬೇಕು. ಹಿಂಡಿಯ ರೊಕ್ಕಕ್ಕೆ ಬೇರೆಯೇ ಒಂದು ಬ್ಯಾಂಕ್ ಖಾತೆ ಇರಲಿ. ತಮ್ಮ ಕಳಿಸಿದ ಹಬ್ಬದ ದುಡ್ಡು, ಸೋಯಾ ಮಾರಿದ ದುಡ್ಡು ಅದರಲ್ಲಿ ಬೆರೆಯುವುದು ಬೇಡ.

ಮೋಸದ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ‘ರೊಕ್ಕ ಹಾಕೀನ್ರೀ’ ಎಂದು ಕಳಿಸುವ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಖಾತೆಯಲ್ಲಿ ಬಂದಿದೆಯೇ ನೋಡಿ. ಹಣ ಬರಲು ನೀವು ಪಿನ್ ಒತ್ತುವ ಅಗತ್ಯ ಎಂದಿಗೂ ಇರುವುದಿಲ್ಲ; ಒತ್ತಿ ಎಂದವನು ಕಳ್ಳ. ಮೋಸಕ್ಕೆ ಸಿಕ್ಕಿಬಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ‘ಬಂದ ಮೇಲೆ ರೊಕ್ಕ ಕೊಡ್ತೀನಿ’ ಎನ್ನುವ ಪದ್ಧತಿಗೂ ಸದ್ಯ ಒಪ್ಪಬೇಡಿ. ಬಾಗಿಲಲ್ಲಿ ಬೇಡ ಎಂದುಬಿಟ್ಟರೆ ಹೋದ ಖರ್ಚೂ ಬಂದ ಖರ್ಚೂ ನಿಮ್ಮದೇ, ಹಿಂಡಿಯಂತೂ ಮತ್ತೆ ಮಾರಲು ಬಾರದು. ನಂಬಿಕೆ ಇಲ್ಲದವರಿಗೆ 100 ಗ್ರಾಮಿನ ಪೊಟ್ಟಣ ಮಾಡಿಡಿ, ಅದನ್ನು ತಿಂದು ನೋಡಲಿ.

ಆ 40 ಸಾವಿರದ ಬಗ್ಗೆ ಕೊನೆಗೊಂದು ಸಂಗತಿ. ಕಿರು ಆಹಾರ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪಿಎಂಎಫ್ಎಂಇ ಯೋಜನೆಯಲ್ಲಿ, ಆಹಾರ ತಯಾರಿಸುವ ಸ್ವಸಹಾಯ ಸಂಘದ ಸದಸ್ಯೆಗೆ ಸಣ್ಣ ಸಾಮಾನು, ಕಚ್ಚಾಮಾಲಿಗೆಂದು ಕೊಡುವ ಮೂಲ ಬಂಡವಾಳದ ಮಿತಿಯೂ ಸರಿಯಾಗಿ 40 ಸಾವಿರವೇ. ನೀವು ಸಂಘದಲ್ಲಿದ್ದರೆ ಈಗ ಅರ್ಜಿ ತಗೊಳ್ಳುತ್ತಿದ್ದಾರಾ ಎಂದು ಔರಾದ್‌ನ ಕೃಷಿ ಇಲಾಖೆಯಲ್ಲಿ ಕೇಳಿ. ಸಿಕ್ಕರೆ ಆ ಹಣ ಕಾರ್ಟ್‌ಗಲ್ಲ, ಒಳ್ಳೆಯದೊಂದು ತಕ್ಕಡಿಗೆ, ಪೊಟ್ಟಣದ ಬಾಯಿ ಮುಚ್ಚುವ ಸೀಲಿಂಗ್ ಯಂತ್ರಕ್ಕೆ, ಸುಗ್ಗಿಯಲ್ಲಿ ಅಗ್ಗವಿದ್ದಾಗ ಶೇಂಗಾ ಕೊಂಡಿಡುವುದಕ್ಕೆ.

ವಾರಕ್ಕೆ ಎರಡು ದಿನ ಮಾತ್ರ ಪಾರ್ಸೆಲ್ ಎಂದು ಗೊತ್ತು ಮಾಡಿ, ಅದನ್ನು ಕ್ಯಾಟಲಾಗ್‌ನ ಮೊದಲ ಸಾಲಲ್ಲೇ ಬರೆಯಿರಿ. ಕಳಿಸಿದ ಪ್ರತಿ ಪೊಟ್ಟಣದ ಅಂಚೆ ರಸೀದಿಯ ಫೋಟೊ ಗಿರಾಕಿಗೆ ಹೋಗಲಿ, ಅಸಲು ಒಂದು ದಾರಕ್ಕೆ ಪೋಣಿಸಿ ಗೋಡೆಗೆ ತೂಗುಹಾಕಿ. ಮತ್ತೆ, ಹೋದ ತಿಂಗಳು ಹಿಂಡಿ ಮುಟ್ಟದ ಆ ಗಿರಾಕಿ ಇದ್ದಾರಲ್ಲ, ಅವರಿಗೆ ಇವತ್ತೇ ಫೋನ್ ಮಾಡಿ. ಅವರ ಪೊಟ್ಟಣ ಮೊದಲು ಹೋಗಲಿ, ಕಾರ್ಟ್ ಆಮೇಲೆ.