ಭಾರಲೋಹಗಳು ಮತ್ತು ಮಕ್ಕಳ ಸ್ವಲೀನತೆ

ಮಗುವಿಗೆ ಆಟಿಸಂ, ಅಂದರೆ ಸ್ವಲೀನತೆ ಇದೆಯೆಂದು ವೈದ್ಯರು ತಿಳಿಸಿದೊಡನೆ ತಂದೆ-ತಾಯಿಗಳ ಮನದಲ್ಲಿ ಏಳುವ ಪ್ರಶ್ನೆ, 'ನಮ್ಮಿಂದ ಏನು ತಪ್ಪಾಯಿತು?' ಎಂಬುದು. ಅಂತಹ ಹೊತ್ತಿನಲ್ಲಿ 'ಇದು ಸೀಸ, ಪಾದರಸಗಳ ವಿಷ. ಅದನ್ನು ಹೊರತೆಗೆದರೆ ಮಗು ಗುಣವಾಗುತ್ತದೆ' ಎಂಬ ಮಾತು ಬೇಗನೆ ನಂಬಿಕೆ ಹುಟ್ಟಿಸುತ್ತದೆ. ಇದರಲ್ಲಿ ದಿಟವೆಷ್ಟು ಎಂಬುದನ್ನು ನಾವು ವಿಚಾರಿಸಿ ನೋಡೋಣ.

ಸೀಸವು ಬೆಳೆಯುವ ಮಿದುಳಿಗೆ ಹಾನಿಕರವೆಂಬುದು ನಿಶ್ಚಿತ. ದೊಡ್ಡವರಿಗಿಂತ ಮಕ್ಕಳ ದೇಹ ಅದನ್ನು 4-5 ಪಟ್ಟು ಹೆಚ್ಚಾಗಿ ಹೀರಿಕೊಳ್ಳಬಲ್ಲದು. ಅದರಿಂದ ಕಲಿಕೆ, ಗಮನ, ನಡವಳಿಕೆಗಳು ಕುಂದುತ್ತವೆ. ಇಷ್ಟು ಸೀಸ ಸೇರಿದರೆ ಅಪಾಯವಿಲ್ಲ ಎನ್ನುವಂತಹ ಪ್ರಮಾಣವೇ ಇಲ್ಲ.

ಆದರೆ ಸ್ವಲೀನತೆಗೆ ಸೀಸವೇ ಕಾರಣವೆಂದು ಸಿದ್ಧವಾಗಿಲ್ಲ. 2017ರಲ್ಲಿ ಸ್ವೀಡನ್ನಿನ ಅವಳಿ ಮಕ್ಕಳ ಹಾಲುಹಲ್ಲುಗಳನ್ನು ಪರೀಕ್ಷಿಸಿದಾಗ, ಸ್ವಲೀನತೆಯುಳ್ಳ ಮಕ್ಕಳ ಹಲ್ಲಿನಲ್ಲಿ ಸೀಸ ಹೆಚ್ಚಾಗಿಯೂ ಸತು ಕಡಿಮೆಯಾಗಿಯೂ ಕಂಡಿತು. ಪರೀಕ್ಷೆಗೆ ಒಳಗಾದ ಮಕ್ಕಳು ಕೆಲವರೇ. ಉಳಿದ ಅಧ್ಯಯನಗಳ ಫಲಿತಾಂಶಗಳೂ ಒಂದೇ ತೆರನಾಗಿಲ್ಲ. ಸ್ವಲೀನತೆಯಲ್ಲಿ ಅನುವಂಶೀಯತೆಯ ಪಾಲೇ ದೊಡ್ಡದು. ಇನ್ನೊಂದು ಸಂಗತಿಯೂ ಇದೆ. ಇಂತಹ ಕೆಲವು ಮಕ್ಕಳಿಗೆ ಮಣ್ಣು, ಗೋಡೆಯ ಬಣ್ಣದ ಚಕ್ಕೆಗಳನ್ನು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವಿರುತ್ತದೆ. ಆಗ ರಕ್ತದಲ್ಲಿರುವ ಸೀಸವು ಸ್ವಲೀನತೆಯ ಕಾರಣವಾಗಿರದೆ, ಅದರ ಪರಿಣಾಮವೂ ಆಗಿರಬಹುದು.

ಲಸಿಕೆಯಲ್ಲಿನ ಪಾದರಸದ ಬಗೆಗೂ ಭಯವಿದೆ. ಅಮೆರಿಕದಲ್ಲಿ 2001ರ ವೇಳೆಗೆ ಮಕ್ಕಳ ವಾಡಿಕೆಯ ಲಸಿಕೆಗಳಿಂದ ಪಾದರಸವುಳ್ಳ ಸಂರಕ್ಷಕವನ್ನು ತೆಗೆದುಹಾಕಲಾಯಿತು. ಆದರೂ ಸ್ವಲೀನತೆಯ ಪ್ರಕರಣಗಳು ತಗ್ಗಲಿಲ್ಲ. ಆದುದರಿಂದ ಲಸಿಕೆಯನ್ನು ತಪ್ಪಿಸಬಾರದು.

ದೇಹದಿಂದ ಲೋಹ ತೆಗೆಯುವ ಕೀಲೇಷನ್ ಔಷಧಿಯನ್ನು ಸ್ವಲೀನತೆಗೆಂದು ಎಂದಿಗೂ ಕೊಡಿಸಬಾರದು. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇಂತಹ ಚಿಕಿತ್ಸೆ ಪಡೆದ 5 ವರ್ಷದ ಬಾಲಕನೊಬ್ಬ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಅಸುನೀಗಿದನು. ರಕ್ತಪರೀಕ್ಷೆಯಲ್ಲಿ ಸೀಸ ಬಹಳ ಹೆಚ್ಚಾಗಿ ಕಂಡಂತಹ ಸಂದರ್ಭಗಳಲ್ಲಿ ಮಾತ್ರ, ತಜ್ಞವೈದ್ಯರ ನಿಗಾದಲ್ಲಿ ಕೊಡತಕ್ಕ ಔಷಧಿ ಇದು.

ಹಾಗಾದರೆ ನಾವು ಮಾಡಬೇಕಾದುದೇನು? ಸೀಸವನ್ನು ಎಲ್ಲ ಮಕ್ಕಳಿಂದಲೂ, ಗರ್ಭಿಣಿಯರಿಂದಲೂ ದೂರವಿಡಬೇಕು. ಹಳೆಯ ಮನೆಗಳ ಬಣ್ಣದ ಚಕ್ಕೆ ಮತ್ತು ಧೂಳು, ಕಣ್ಣಿಗೆ ಹಚ್ಚುವ ಸುರ್ಮಾ, ಬಣ್ಣ ಬೆರೆಸಿದ ಅರಿಶಿನ ಹಾಗೂ ಕುಂಕುಮ, ವೈದ್ಯರ ಸಲಹೆಯಿಲ್ಲದೆ ಸೇವಿಸುವ ಲೋಹಭಸ್ಮಗಳು ಇವುಗಳಲ್ಲಿ ಸೀಸವಿರಬಹುದು. ಬ್ಯಾಟರಿ ಕೆಲಸ ಮಾಡುವವರು ಕೈಕಾಲು ತೊಳೆದು, ಬಟ್ಟೆ ಬದಲಿಸಿ ಮನೆಯೊಳಗೆ ಬರಬೇಕು. ಕಬ್ಬಿಣಾಂಶ, ಕ್ಯಾಲ್ಸಿಯಂ ಸಾಕಷ್ಟಿದ್ದರೆ ದೇಹ ಸೀಸವನ್ನು ಕಡಿಮೆ ಹೀರುತ್ತದೆ. ರಾಗಿ, ಸೊಪ್ಪು, ಹಾಲು, ಬೇಳೆಕಾಳುಗಳು ಮಕ್ಕಳ ಊಟದಲ್ಲಿರಲಿ.

ಹೆಸರು ಕರೆದರೂ ಮಗು ತಿರುಗಿ ನೋಡದಿದ್ದರೆ, ಮಾತು ತಡವಾದರೆ ಕಾಯದೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ತಪಾಸಣೆ, ತರಬೇತಿಗಳು ದೊರೆಯುತ್ತವೆ. ತರಬೇತಿ ಬೇಗ ಆರಂಭವಾದಷ್ಟೂ ಒಳಿತು. ಮಗುವಿನ ಸ್ವಲೀನತೆ ಹೆತ್ತವರ ತಪ್ಪಲ್ಲ; ಆ ಮಗುವಿಗೆ ಬೇಕಾದುದು ನಮ್ಮೆಲ್ಲರ ತಾಳ್ಮೆ ಮತ್ತು ಅಕ್ಕರೆ.