ಗೂಡಿಗೂ ಒಂದು ಆಜ್ಞೆ



ದಾರಿಯಲ್ಲಿ ಹಕ್ಕಿಯ ಗೂಡು ಕಂಡರೆ, ಮೊಟ್ಟೆ ಅಥವಾ ಮರಿಗಳ ಮೇಲೆ ಕುಳಿತ ತಾಯಿಹಕ್ಕಿಯನ್ನು ಹಿಡಿಯಬಾರದೆಂಬ ನಿಯಮ ಧರ್ಮೋಪದೇಶಕಾಂಡದಲ್ಲಿದೆ (22:6-7). ಪಾಲಿಸುವವರಿಗೆ ದೀರ್ಘಾಯುಷ್ಯದ ವಾಗ್ದಾನ. ತಂದೆತಾಯಿಯನ್ನು ಗೌರವಿಸುವವರಿಗೂ ದೇವರು ಕೊಟ್ಟಿರುವುದು ಇದೇ ವಾಗ್ದಾನ!

2019ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ, ಮಿಶಿಗನ್ ಸರೋವರದ ಮಾಂಟ್ರೋಸ್ ದಡದಲ್ಲಿ, ಪೈಪಿಂಗ್ ಪ್ಲೋವರ್ ಎಂಬ ಅಳಿವಿನಂಚಿನ ಹಕ್ಕಿಗಳ ಜೋಡಿಯೊಂದು ಗೂಡು ಮಾಡಿತು. ಈ ಹಕ್ಕಿ ಬಯಲು ಮರಳಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆಗೂ ಮರಳಿನದೇ ಬಣ್ಣ. ಕಾಣದೆ ಇಟ್ಟ ಒಂದು ಹೆಜ್ಜೆ ಸಾಕು, ಸಂಸಾರವೇ ನಾಶ. ಸ್ವಯಂಸೇವಕರು ಸರದಿಯಂತೆ ಕಾವಲು ನಿಂತರು. ವಿಹಾರಕ್ಕೆ ಬಂದವರಿಗೆ ತಿಳಿಹೇಳಿದರು. ಅಲ್ಲಿ ನಡೆಯಬೇಕಿದ್ದ ಸಂಗೀತೋತ್ಸವವೂ ರದ್ದಾಯಿತು. ಮರಿಗಳು ರೆಕ್ಕೆ ಬಲಿತು ಹಾರಿದವು. ಅದೇ ಜೋಡಿಗೆ 2021ರಲ್ಲಿ ಹುಟ್ಟಿದ ಇಮಾನಿ ಎಂಬ ಗಂಡುಹಕ್ಕಿ 2024ರಲ್ಲಿ ಅದೇ ದಡದಲ್ಲಿ ತಂದೆಯಾಯಿತು.

ಕಾವಲು ನಿಂತವರಿಗೆ ಲಾಭವೇನು? ಏನೂ ಇಲ್ಲ. ನಮಗೆ ಪ್ರಯೋಜನವಿರಲಿ, ಇಲ್ಲದಿರಲಿ, ಪ್ರತಿಯೊಂದು ಜೀವಿಗೂ ದೇವರ ದೃಷ್ಟಿಯಲ್ಲಿ ಬೆಲೆಯಿದೆ ಎಂದು ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಬೋಧಿಸಿದರು.

ಹಾಸಿಗೆ ಹಿಡಿದ ಅಜ್ಜಿ, ಮರಳ ಮೇಲಿನ ಮೊಟ್ಟೆ ಇಬ್ಬರೂ ನಮಗೆ ಪ್ರತಿಫಲ ಕೊಡಲಾರರು. ಅವರನ್ನು ಕಾಯುವಾಗಲೇ ನಮ್ಮ ಪ್ರೀತಿಯ ಪರೀಕ್ಷೆ. ಈ ವಾರ ಮಕ್ಕಳೊಡನೆ ಆ ಎರಡು ವಚನಗಳನ್ನು ಓದಿರಿ. ನಮ್ಮ ಮನೆಯವರು ಕಾಯಬೇಕಾದ ಗೂಡು ಯಾವುದೆಂದು ಕೂಡಿ ಯೋಚಿಸಿರಿ.