ಸಣ್ಣ ಕಾರ್ಖಾನೆಗೆ ಸಾಫ್ಟ್‌ವೇರ್: ಮೊದಲು ಚಲನ್, ಆಮೇಲೆ ಇಆರ್‌ಪಿ

2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಬೆಂಗಳೂರಿನ ಪೀಣ್ಯದ ಮಷಿನ್ ಶಾಪ್‌ಗಳಂಥ ಹಲವು ಸಣ್ಣ ಘಟಕಗಳ ಬಿಲ್ಲಿಂಗ್ ಕಂಪ್ಯೂಟರ್‌ಗೆ ಏರಿತು. ಆದರೆ ಆಫೀಸು ದಾಟಿ ಒಳಗೆ ಹೋದರೆ ಹಲವೆಡೆ ಇಂದಿಗೂ ನೋಟ್‌ಬುಕ್, ವಾಟ್ಸ್‌ಆ್ಯಪ್ ಫೋಟೊ, ಸೂಪರ್‌ವೈಸರ್ ನೆನಪು ಇವೇ ಆಧಾರ. ದುಡ್ಡು ಸುರಿದು, ಖರೀದಿ, ಸ್ಟಾಕ್, ಉತ್ಪಾದನೆ ಎಲ್ಲದರ ಲೆಕ್ಕ ಒಂದೇ ಕಡೆ ಇಡುವ ಇಆರ್‌ಪಿ ಸಾಫ್ಟ್‌ವೇರ್ ಹಾಕಿಸಿಕೊಂಡರೂ ಅದು ಬಿಲ್ ತೆಗೆಯಲಿಕ್ಕಷ್ಟೇ ಬಳಕೆಯಾಗುವುದುಂಟು. ಹಾಗಾಗದಿರಲು ಹೀಗೆ ಶುರುಮಾಡಿ.

1. ಒಂದೇ ತೊಂದರೆ ಆರಿಸಿಕೊಳ್ಳಿ
ಎಲ್ಲ ವಿಭಾಗವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಕಳಿಸಿದ ಮಾಲಿನ ಲೆಕ್ಕದಿಂದ ಶುರುಮಾಡಬಹುದು. ಜಿಎಸ್‌ಟಿಯಲ್ಲಿ, ಹೀಗೆ ಜಾಬ್ ವರ್ಕ್‌ಗೆ ಕಳಿಸಿದ ಕಚ್ಚಾ ಮಾಲು 1 ವರ್ಷದೊಳಗೆ ವಾಪಸ್ ಬರದಿದ್ದರೆ, ಅಥವಾ ಅಲ್ಲಿಂದಲೇ ಗ್ರಾಹಕರಿಗೆ ರವಾನೆಯಾಗದಿದ್ದರೆ, ಕಳಿಸಿದ ದಿನವೇ ಮಾರಿದಂತೆ ಎಣಿಸಿ ತೆರಿಗೆ ಬೀಳುತ್ತದೆ. ಆದ್ದರಿಂದ ಯಾವ ಚಲನ್‌ನಲ್ಲಿ (ಮಾಲಿನ ಜೊತೆ ಹೋಗುವ ಚೀಟಿ) ಎಷ್ಟು ಮಾಲು ಬಾಕಿ ಎಂಬುದು ಕಣ್ಣಿಗೆ ಕಾಣುವುದೇ ದೊಡ್ಡ ಲಾಭ.

2. ಹೆಸರು, ಅಳತೆ ಸರಿಪಡಿಸಿ
ಸ್ಟೋರ್ಸ್‌ನಲ್ಲಿ ‘25 ರಾಡ್’, ಖರೀದಿ ಪುಸ್ತಕದಲ್ಲಿ ‘ಇಎನ್8 ರೌಂಡ್’ ಎಂದಿದ್ದರೆ ಯಾವ ಸಾಫ್ಟ್‌ವೇರೂ ಸ್ಟಾಕ್ ಸರಿ ತೋರಿಸದು. ಒಂದು ವಸ್ತುವಿಗೆ ಒಂದೇ ಕೋಡ್ ಕೊಡಿ. ಖರೀದಿ ಕೆ.ಜಿ.ಯಲ್ಲಿ, ಉತ್ಪಾದನೆ ಪೀಸ್‌ನಲ್ಲಿ ಇದ್ದರೆ ಪೀಸ್‌ಗೆ ಎಷ್ಟು ಗ್ರಾಂ ಬೇಕೆಂದೂ ನಮೂದಿಸಿ. ಡ್ರಾಯಿಂಗ್ ನಂಬರ್ ಜೊತೆ ಅದರ ರಿವಿಜನ್ ಕೂಡ ಇರಲಿ. ಕೊನೆಗೆ ಒಂದು ರಜಾದಿನ ಮಾಲನ್ನೆಲ್ಲ ಎಣಿಸಿ.

3. ನಿಮ್ಮದೇ ಚಲನ್ ಕೊಟ್ಟು ಡೆಮೊ ಕೇಳಿ
ಹೊಸದು ಕೊಳ್ಳುವ ಮುನ್ನ, ಬಿಲ್ಲಿಂಗ್‌ಗೆ ಟ್ಯಾಲಿ ಸಾಫ್ಟ್‌ವೇರ್ ಬಳಸುತ್ತಿದ್ದರೆ ಅದರಲ್ಲೇ ಜಾಬ್ ವರ್ಕ್ ಸೌಲಭ್ಯವಿದೆಯೇ ನೋಡಿ. ಇಆರ್‌ಪಿನೆಕ್ಸ್ಟ್‌ನಂಥ ಮುಕ್ತ ತಂತ್ರಾಂಶಕ್ಕೆ ಲೈಸೆನ್ಸ್ ಶುಲ್ಕವಿಲ್ಲ. ಆದರೆ ಅಳವಡಿಕೆ, ಸರ್ವರ್, ತರಬೇತಿಗೆ ಖರ್ಚಿದೆ. ಯಾವುದೇ ಆಗಲಿ, ಮಾರುವವರು ನಿಮ್ಮದೇ ಚಲನ್ ಹಾಕಿ ತೋರಿಸಲಿ. ವರ್ಷದ ಶುಲ್ಕ ಎಷ್ಟು, ಬಿಡುವಾಗ ನಮ್ಮ ಮಾಹಿತಿ ಎಕ್ಸೆಲ್‌ನಲ್ಲಿ ಸಿಗುತ್ತದೆಯೇ ಎಂಬುದನ್ನು ಅವರಿಂದ ಬರಹದಲ್ಲಿ ಪಡೆಯಿರಿ. ವಾರ್ಷಿಕ ವಹಿವಾಟು 5 ಕೋಟಿ ರೂ. ದಾಟಿದ್ದರೆ ಜಿಎಸ್‌ಟಿಯ ಇ-ಇನ್‌ವಾಯ್ಸ್ ಆ ಸಾಫ್ಟ್‌ವೇರ್‌ನಿಂದಲೇ ಹೊರಡುವಂತಿರಬೇಕು.

4. ಮಾಲು ಇರುವಲ್ಲೇ ಎಂಟ್ರಿ
ಸಂಜೆ ಅಕೌಂಟೆಂಟ್ ಕೂತು ದಿನದ ಚೀಟಿಗಳನ್ನೆಲ್ಲ ತುಂಬಿಸಿದರೆ ಅದು ನೋಟ್‌ಬುಕ್‌ನ ನಕಲು, ಅಷ್ಟೇ. ಗೇಟಿನಲ್ಲಿ ಸ್ಟೋರ್ಸ್‌ನವರು, ಮಷಿನ್ ಬಳಿ ಆಪರೇಟರ್ ತಾವೇ ನಮೂದಿಸಲಿ. ಆಪರೇಟರ್‌ಗೆ ಜಾಬ್ ನಂಬರ್, ಸರಿಯಾದ ಪೀಸ್, ರಿಜೆಕ್ಷನ್, ಅದರ ಕಾರಣ ಇಷ್ಟೇ ಸಾಕು. ಕಾರಣದ ಪಟ್ಟಿ ಕನ್ನಡದಲ್ಲಿರಲಿ. ರಿಜೆಕ್ಷನ್ ಬರೆದವರ ಸಂಬಳ ಹಿಡಿಯಬೇಡಿ. ಒಮ್ಮೆ ಹಿಡಿದರೆ ಮರುದಿನದಿಂದ ನಿಜವಾದ ಅಂಕಿ ಸಿಗುವುದಿಲ್ಲ.

5. ಹಳೆಯ ಪುಸ್ತಕಕ್ಕೆ ಗಡುವು ಹಾಕಿ
ಒಂದು ತಿಂಗಳು ಪುಸ್ತಕ, ಕಂಪ್ಯೂಟರ್ ಎರಡೂ ನಡೆಯಲಿ. ವಾರಕ್ಕೊಮ್ಮೆ ತಾಳೆ ನೋಡಿ, ಘೋಷಿಸಿದ ದಿನ ಪುಸ್ತಕ ನಿಲ್ಲಿಸಿ. ಬೆಳಗಿನ ಮೀಟಿಂಗ್‌ನಲ್ಲಿ ಮಾಲೀಕರೇ ಸ್ಕ್ರೀನ್ ನೋಡಿ ಪ್ರಶ್ನೆ ಕೇಳಬೇಕು. ಅವರು ಫೋನ್ ಮಾಡಿ ವಿಚಾರಿಸುತ್ತಿದ್ದರೆ ಉಳಿದವರೂ ಎಂಟ್ರಿ ಬಿಡುತ್ತಾರೆ.

6. ಬ್ಯಾಕಪ್ ಪರೀಕ್ಷಿಸಿ
ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡಿ. ಪ್ರತಿದಿನ ಬ್ಯಾಕಪ್ ತೆಗೆದು, ಒಂದು ಪ್ರತಿಯನ್ನು ನೆಟ್‌ವರ್ಕ್‌ಗೆ ಜೋಡಿಸದ ಡಿಸ್ಕ್‌ನಲ್ಲಿಡಿ. ಆಗಾಗ ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ.

ಉತ್ಪಾದನಾ ಯೋಜನೆ, ಕಾಸ್ಟಿಂಗ್, ಮಷಿನ್‌ಗೆ ಸೆನ್ಸರ್ ಎಲ್ಲ ಇದಾದ ಮೇಲೆ. ಮೂರು ತಿಂಗಳು ಸ್ಕ್ರೀನಿನ ಸ್ಟಾಕೂ ರ್‍ಯಾಕಿನ ಸ್ಟಾಕೂ ತಾಳೆಯಾದರೆ ಮುಂದಿನ ಖರ್ಚಿಗೆ ಕೈ ಹಾಕಬಹುದು.